ಅಮ್ಮ ಊರಲ್ಲಿ, ಅಣ್ಣ ಡಿಆರ್‌ಡಿಒದಲ್ಲಿ: ಅಮೆರಿಕದಲ್ಲಿ ನನಗೆ ಸೆಕ್ಯುರಿಟಿ ಕ್ಲಿಯರೆನ್ಸ್ ಸಿಗುತ್ತದೆಯೇ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯವಳು. 16 ವರ್ಷದಿಂದ ಅಮೆರಿಕದಲ್ಲಿದ್ದೇನೆ, ಈಗ ಮೇರಿಲ್ಯಾಂಡ್‌ನಲ್ಲಿ ಸ್ವಂತ ಮನೆ ಇದೆ. 3 ವರ್ಷದ ಹಿಂದೆ ಪೌರತ್ವ ಸಿಕ್ಕಿತು. ಗಂಡನ ಹತ್ತಿರ ಗ್ರೀನ್ ಕಾರ್ಡ್ ಇದೆ, ಅವರ ಅಪ್ಪ ಅಮ್ಮ ಮೈಸೂರಿನಲ್ಲಿದ್ದಾರೆ. ರಕ್ಷಣಾ ಇಲಾಖೆಗೆ ಕೆಲಸ ಮಾಡಿಕೊಡುವ ಕಂಪನಿಯೊಂದು ನನಗೆ ಕೆಲಸ ಕೊಡಲು ಒಪ್ಪಿದೆ. ಅದಕ್ಕೆ ಸೀಕ್ರೆಟ್ ಮಟ್ಟದ ಕ್ಲಿಯರೆನ್ಸ್, ಅಂದರೆ ಸರ್ಕಾರದ ರಹಸ್ಯ ಮಾಹಿತಿ ನೋಡಲು ಅನುಮತಿ, ಬೇಕು. ನನ್ನ ಅಪ್ಪ ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದರು, ತೀರಿಕೊಂಡು ಕೆಲವು ವರ್ಷಗಳಾದವು. ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತದೆ. ತೀರ್ಥಹಳ್ಳಿ ಹತ್ತಿರ ಎರಡೂವರೆ ಎಕರೆ ಅಡಿಕೆ ತೋಟವಿದೆ, ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಅಮ್ಮನ ಜೊತೆ ಜಂಟಿಯಾಗಿ ಒಂದು ಎನ್‌ಆರ್‌ಒ ಖಾತೆ (ಹೊರದೇಶದಲ್ಲಿರುವವರಿಗೆ ಭಾರತದಲ್ಲಿರುವ ಬ್ಯಾಂಕ್ ಖಾತೆ) ಇದೆ. ಅಣ್ಣ ಬೆಂಗಳೂರಿನ ಡಿಆರ್‌ಡಿಒ (ಭಾರತದ ರಕ್ಷಣಾ ಸಂಶೋಧನಾ ಸಂಸ್ಥೆ) ಪ್ರಯೋಗಾಲಯದಲ್ಲಿ ವಿಜ್ಞಾನಿ. ಸ್ನೇಹಿತರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಣ್ಣನ ಕೆಲಸ ‘ಎಂಜಿನಿಯರ್’ ಎಂದಷ್ಟೇ ಬರೆ. ಅಮ್ಮನ ಹತ್ತಿರ ದಿನಾ ಮಾತಾಡುತ್ತೇನೆ ಅಂತ ಹೇಳಬೇಡ. ತೋಟದ ಪಾಲು ಅಣ್ಣನಿಗೆ ಬಿಟ್ಟುಕೊಡು. ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ವಾಪಸ್ ಮಾಡು. ಇದರಲ್ಲಿ ಯಾವುದು ಸರಿ? ತವರಿನವರು ಭಾರತದಲ್ಲಿದ್ದಾರೆ ಎನ್ನುವುದೇ ತಪ್ಪಾಗಿಬಿಡುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಏಕೆಂದರೆ ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಅದೇ. ಇಲ್ಲ, ಅದು ತಪ್ಪಲ್ಲ. ತಾಯಿ, ಅಣ್ಣ, ಅತ್ತೆ ಮಾವ ಭಾರತದಲ್ಲಿದ್ದಾರೆ ಎನ್ನುವ ಒಂದೇ ಕಾರಣಕ್ಕೆ ಕ್ಲಿಯರೆನ್ಸ್ ಕೊಡಬಾರದು ಎಂಬ ನಿಯಮ ಅಮೆರಿಕದಲ್ಲಿ ಇಲ್ಲ. ಭಾರತದಲ್ಲಿ ಹುಟ್ಟಿ ಬೆಳೆದು, ಹೆತ್ತವರನ್ನು ಅಲ್ಲೇ ಬಿಟ್ಟು ಬಂದು, ಇಲ್ಲಿ ಕ್ಲಿಯರೆನ್ಸ್ ಪಡೆದು ಕೆಲಸ ಮಾಡುತ್ತಿರುವವರು ಇದ್ದಾರೆ. ಆದರೆ ನಿಮ್ಮ ಅರ್ಜಿ ಸುಲಭದ್ದು ಎಂದೂ ಹೇಳಲಾರೆ. ಅಣ್ಣನ ಕೆಲಸದಿಂದಾಗಿ ಅದನ್ನು ಹೆಚ್ಚು ಎಚ್ಚರದಿಂದ ನೋಡುತ್ತಾರೆ. ಕ್ಲಿಯರೆನ್ಸ್ ವ್ಯವಹಾರಗಳನ್ನು ನೋಡುವ ವಕೀಲ ವೃತ್ತಿಯಲ್ಲಿ ನಾನು ಕಂಡದ್ದು ಇಷ್ಟು: ನೆಂಟರು ಇದ್ದಾರೆ ಎಂದು ಬರೆದವರಿಗಿಂತ, ನೆಂಟರನ್ನು ಮುಚ್ಚಿಟ್ಟವರು ಬಹಳ ದೊಡ್ಡ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ಅಳತೆಗೋಲು ಯಾವುದು ಎಂದು ತಿಳಿದರೆ ಅರ್ಧ ಭಯ ಹೋಗುತ್ತದೆ. 2017ರ ಜೂನ್ 8ರಿಂದ ಎಲ್ಲ ಇಲಾಖೆಗಳಿಗೂ ಒಂದೇ ಮಾರ್ಗಸೂಚಿ ಇದೆ. ಅದರ ಹೆಸರು ಸೆಕ್ಯುರಿಟಿ ಎಕ್ಸಿಕ್ಯೂಟಿವ್ ಏಜೆಂಟ್ ಡೈರೆಕ್ಟಿವ್-4. ಇದರಲ್ಲಿ ‘ಎ’ಯಿಂದ ‘ಎಂ’ವರೆಗೆ 13 ಗೈಡ್‌ಲೈನ್‌ಗಳಿವೆ. ಸಾಲ, ಕುಡಿತ, ಡ್ರಗ್ಸ್, ಅಪರಾಧ, ಕಂಪ್ಯೂಟರ್ ದುರ್ಬಳಕೆ ಹೀಗೆ ಒಂದೊಂದಕ್ಕೂ ಒಂದೊಂದು ಅಕ್ಷರ. ನಿಮಗೆ ಮುಖ್ಯವಾದದ್ದು ‘ಬಿ’, ಅಂದರೆ ವಿದೇಶಿ ಪ್ರಭಾವ. ಸ್ವಲ್ಪ ಮಟ್ಟಿಗೆ ‘ಸಿ’, ಅಂದರೆ ಬೇರೆ ದೇಶದ ಕಡೆಗಿನ ಒಲವು. ಇವೆರಡರಷ್ಟೇ ಗಮನ ಕೊಡಬೇಕಾದ ಇನ್ನೆರಡು ಇವೆ: ‘ಇ’, ನಡತೆ ಮತ್ತು ಪ್ರಾಮಾಣಿಕತೆ, ‘ಎಫ್’, ಹಣಕಾಸು ಮತ್ತು ತೆರಿಗೆ.

ಗೈಡ್‌ಲೈನ್ ಬಿ ನಿಮ್ಮ ನಿಷ್ಠೆಯನ್ನು ಅನುಮಾನಿಸುವುದಿಲ್ಲ. ಇದನ್ನು ನನ್ನ ಹತ್ತಿರ ಬರುವ ಪ್ರತಿಯೊಬ್ಬರಿಗೂ ಒತ್ತಿ ಹೇಳುತ್ತೇನೆ, ಏಕೆಂದರೆ ಎಷ್ಟೋ ಜನ ಅವಮಾನವಾದಂತೆ ನೊಂದುಕೊಂಡು ಬರುತ್ತಾರೆ. ‘ಎರಡು ಸಲ ವೋಟು ಹಾಕಿದ್ದೇನೆ, ತೆರಿಗೆ ಕಟ್ಟಿದ್ದೇನೆ, ಇನ್ನೂ ನನ್ನನ್ನು ನಂಬುವುದಿಲ್ಲವಾ?’ ಆದರೆ ಕ್ಲಿಯರೆನ್ಸ್ ತೀರ್ಮಾನಿಸುವವರ ಪ್ರಶ್ನೆ ಬೇರೆ. ನಾಳೆ ಯಾರೋ ನಿಮ್ಮ ಅಮ್ಮನಿಗೆ ಅಥವಾ ಅಣ್ಣನಿಗೆ ತೊಂದರೆ ಕೊಡುತ್ತೇವೆ ಅಥವಾ ಅನುಕೂಲ ಮಾಡಿಕೊಡುತ್ತೇವೆ ಎಂದು ಹೇಳಿ ನಿಮ್ಮಿಂದ ಒಂದು ಮಾಹಿತಿ ಕೇಳಿದರೆ, ನೀವು ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಎಷ್ಟು? ಅಮ್ಮನ ಮೇಲೆ ನಿಮಗಿರುವ ಪ್ರೀತಿಯನ್ನು ಬೇರೆಯವರು ಬಳಸಿಕೊಳ್ಳಬಹುದೇ ಎನ್ನುವುದು ಅವರ ಚಿಂತೆ. ಅದಕ್ಕೇ ಕೆಟ್ಟ ಮಗಳಿಗಿಂತ ಒಳ್ಳೆಯ ಮಗಳಿಗೆ ಪ್ರಶ್ನೆಗಳು ಜಾಸ್ತಿ ಬರುತ್ತವೆ!

ಅದನ್ನು ತೂಗುವಾಗ ಮುಖ್ಯವಾಗಿ ಮೂರು ನೋಡುತ್ತಾರೆ. ನೆಂಟರು ಯಾವ ದೇಶದಲ್ಲಿದ್ದಾರೆ, ಅಲ್ಲಿ ಅವರ ಸ್ಥಾನ ಏನು, ನಿಮ್ಮ ಬೇರು ಅಮೆರಿಕದಲ್ಲಿ ಎಷ್ಟು ಆಳಕ್ಕೆ ಇಳಿದಿದೆ.

ದೇಶದ ವಿಷಯದಲ್ಲಿ ನಿಮ್ಮ ಸ್ಥಿತಿ ಚೆನ್ನಾಗಿಯೇ ಇದೆ. ಭಾರತ ಪ್ರಜಾಪ್ರಭುತ್ವ ಇರುವ ದೇಶ. 2016ರಲ್ಲಿ ಅಮೆರಿಕ ಭಾರತವನ್ನು ಪ್ರಮುಖ ರಕ್ಷಣಾ ಪಾಲುದಾರ ಎಂದು ಗುರುತಿಸಿತು. ಚೀನಾ, ರಷ್ಯಾ, ಇರಾನ್‌ನಲ್ಲಿ ಹೆತ್ತವರು ಇರುವವರು ಹೊರಬೇಕಾದ ಭಾರ ನಿಮ್ಮ ಮೇಲಿಲ್ಲ. ಆದರೆ ‘ಸ್ನೇಹದ ದೇಶ, ಇನ್ನೇನು ಚಿಂತೆ’ ಎಂದುಕೊಂಡು ಹೋಗಬೇಡಿ. 1985ರಲ್ಲಿ ಸಿಕ್ಕಿಬಿದ್ದ ಜೊನಾಥನ್ ಪೊಲಾರ್ಡ್ ಅಮೆರಿಕದ ನೌಕಾಪಡೆಯ ಗುಪ್ತಚರ ವಿಶ್ಲೇಷಕ. ಅವನು ಗುಟ್ಟು ಕೊಟ್ಟದ್ದು ಇಸ್ರೇಲ್‌ಗೆ, ಅಮೆರಿಕದ ಅತಿ ಹತ್ತಿರದ ಗೆಳೆಯನಿಗೆ. ಸ್ನೇಹಿತ ದೇಶಗಳೂ ಬೇಹುಗಾರಿಕೆ ಮಾಡುತ್ತವೆ ಎನ್ನುವುದನ್ನು ಇಲ್ಲಿನ ಅಧಿಕಾರಿಗಳು ಮರೆತಿಲ್ಲ. ಜೊತೆಗೆ ಇನ್ನೊಂದನ್ನೂ ಹೇಳಬೇಕು. ಪೊಲಾರ್ಡ್, 1994ರಲ್ಲಿ ಸಿಕ್ಕ ಸಿಐಎಯ ಆಲ್ಡ್ರಿಚ್ ಏಮ್ಸ್, 2001ರಲ್ಲಿ ಸಿಕ್ಕ ಎಫ್‌ಬಿಐನ ರಾಬರ್ಟ್ ಹ್ಯಾನ್ಸನ್, ಈ ಮೂವರೂ ಅಮೆರಿಕದಲ್ಲೇ ಹುಟ್ಟಿದವರು. ಏಮ್ಸ್ ಮತ್ತು ಹ್ಯಾನ್ಸನ್ ಮಾರಿಕೊಂಡದ್ದು ದುಡ್ಡಿಗೆ. ಹೊರದೇಶದಲ್ಲಿ ಅಮ್ಮ ಇದ್ದವರೇ ಅಪಾಯ ಎನ್ನುವ ಮಾತಿಗೆ ಚರಿತ್ರೆಯಲ್ಲಿ ಆಧಾರ ಇಲ್ಲ. ಇದು ಗೊತ್ತಿರುವುದರಿಂದಲೇ ನಿಯಮ ನೆಂಟಸ್ತಿಕೆಯನ್ನು ಹಾಗೇ ತಳ್ಳಿಹಾಕದೆ, ತೂಗಿ ನೋಡಿ ಎನ್ನುತ್ತದೆ.

ಈಗ ಅಣ್ಣನ ವಿಷಯ. ನಿಮ್ಮ ಅರ್ಜಿಯ ಅತಿ ಭಾರದ ಭಾಗ ಇದು. ಬೆಂಗಳೂರಿನ ಕುಟುಂಬಗಳಿಗೆ ಇದು ಬಹಳ ಮಾಮೂಲಿ ಸಂಗತಿ. ಎಚ್‌ಎಎಲ್, ಬಿಇಎಲ್, ಇಸ್ರೋ, ಎನ್‌ಎಎಲ್, ಡಿಆರ್‌ಡಿಒ ಎಲ್ಲ ಒಂದೇ ಊರಲ್ಲಿರುವಾಗ ಅಣ್ಣನೋ ಭಾವನೋ ಯಾರಾದರೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಆದರೆ ಕ್ಲಿಯರೆನ್ಸ್‌ಗಾಗಿ ತುಂಬಬೇಕಾದ ಎಸ್‌ಎಫ್-86 ಫಾರ್ಮ್‌ನ ಸೆಕ್ಷನ್ 18 ಇದನ್ನೇ ನೇರವಾಗಿ ಕೇಳುತ್ತದೆ. ಈ ಸಂಬಂಧಿಗೆ ವಿದೇಶಿ ಸರ್ಕಾರ, ಸೇನೆ, ಭದ್ರತೆ, ರಕ್ಷಣಾ ಉದ್ಯಮ, ಗುಪ್ತಚರ ಸಂಸ್ಥೆ, ಇವುಗಳ ಜೊತೆ ನಂಟಿದೆಯೇ? ಇದಕ್ಕೆ ನಿಮ್ಮ ಉತ್ತರ ‘ಹೌದು’ ಒಂದೇ. ಸುಮ್ನೆ ‘ಎಂಜಿನಿಯರ್’ ಎಂದು ಬರೆದು ಆ ಪ್ರಶ್ನೆಗೆ ‘ಇಲ್ಲ’ ಎಂದರೆ ಅದು ಜಾಣತನ ಅಲ್ಲ, ಸುಳ್ಳು.

ಆ ಸುಳ್ಳಿನ ಬೆಲೆ ಎಷ್ಟು ಅಂತ ತಿಳಿದುಕೊಳ್ಳಿ. ಕೇಂದ್ರ ಸರ್ಕಾರಕ್ಕೆ ಬೇಕೆಂದೇ ಸುಳ್ಳು ಮಾಹಿತಿ ಕೊಡುವುದು ಅಮೆರಿಕದ ಕಾನೂನಿನಲ್ಲಿ ಅಪರಾಧ. 18ನೇ ಟೈಟಲ್‌ನ ಸೆಕ್ಷನ್ 1001ರಲ್ಲಿ 5 ವರ್ಷದವರೆಗೆ ಜೈಲು ಶಿಕ್ಷೆ ಇದೆ. ಮೊಕದ್ದಮೆವರೆಗೆ ಹೋಗದಿದ್ದರೂ ಗೈಡ್‌ಲೈನ್ ಇ ನಿಮ್ಮ ಮೇಲೆ ಬರುತ್ತದೆ. ಬಿ ಅಡಿ ಬರುವ ಚಿಂತೆಯನ್ನು ಪುರಾವೆ ಕೊಟ್ಟು ಕಡಿಮೆ ಮಾಡಬಹುದು, ಏಕೆಂದರೆ ಅಣ್ಣ ಎಲ್ಲಿ ಕೆಲಸ ಮಾಡುತ್ತಾರೆ ಎನ್ನುವುದು ನಿಮ್ಮ ಕೈಯಲ್ಲಿ ಇರಲಿಲ್ಲ. ಇ ಅಡಿ ಬರುವುದು ನಿಮ್ಮದೇ ಮಾತಿನ ಮೇಲೆ. ‘ಈಕೆ ನೆಂಟರನ್ನು ಉಳಿಸಲು ಸರ್ಕಾರಕ್ಕೆ ಸುಳ್ಳು ಹೇಳುತ್ತಾಳೆ’ ಎಂದು ನೀವೇ ಬರೆದುಕೊಟ್ಟ ಹಾಗೆ ಆಗುತ್ತದೆ. ಗೈಡ್‌ಲೈನ್ ಬಿ ಹೆದರುವುದೂ ಅದಕ್ಕೇ ಅಲ್ವಾ? ಗೊತ್ತಾಗುವುದಿಲ್ಲ ಎನ್ನುವ ಲೆಕ್ಕಾಚಾರವೂ ತಪ್ಪು. ರಕ್ಷಣಾ ಇಲಾಖೆಯ ಡಿಸಿಎಸ್‌ಎ ಎಂಬ ಸಂಸ್ಥೆ ಈ ತನಿಖೆ ನಡೆಸುತ್ತದೆ. ಅದರ ತನಿಖಾಧಿಕಾರಿಗಳು ಅರ್ಜಿದಾರರ ಪರಿಚಯದವರ ಜೊತೆಗೂ ಮಾತಾಡುತ್ತಾರೆ. ‘ಬರೆಯಬೇಡ’ ಎಂದು ನಿಮಗೆ ಹೇಳಿದ ಸ್ನೇಹಿತರ ಬಾಗಿಲನ್ನೇ ಅವರು ನಾಳೆ ತಟ್ಟಬಹುದು.

ಸರಿ, ನಿಜ ಬರೆದ ಮೇಲೆ ಏನಾಗುತ್ತದೆ? ತೀರ್ಮಾನಿಸುವವರು ಅಣ್ಣನ ಹುದ್ದೆ, ನಿಮ್ಮಿಬ್ಬರ ಮಾತುಕತೆ ಎಷ್ಟು, ಯಾವ ವಿಷಯ ಮಾತಾಡುತ್ತೀರಿ, ನಿಮ್ಮ ಕೆಲಸದ ಬಗ್ಗೆ ಅವರಿಗೆ ಏನು ಗೊತ್ತು, ಇಷ್ಟನ್ನು ನೋಡುತ್ತಾರೆ. ಹಣದ ವ್ಯವಹಾರ ಇದೆಯೇ ಎಂದೂ ಕೇಳುತ್ತಾರೆ. ಸಾರ್ವಜನಿಕವಾಗಿ ಗೊತ್ತಿರುವಷ್ಟು ಬರೆಯಿರಿ: ಸಂಸ್ಥೆಯ ಹೆಸರು, ಹುದ್ದೆ, ಊರು. ಅದಕ್ಕಿಂತ ಜಾಸ್ತಿ ತಿಳಿದುಕೊಳ್ಳಲು ಅಣ್ಣನನ್ನು ಕೇಳಲೇಬೇಡಿ. ‘ಅಣ್ಣಾ, ಫಾರ್ಮ್‌ನಲ್ಲಿ ತುಂಬಬೇಕು, ನೀನು ಯಾವ ಪ್ರಾಜೆಕ್ಟ್‌ನಲ್ಲಿದ್ದೀಯ?’ ಎಂದು ವಾಟ್ಸಾಪ್ ಮಾಡಿದರೆ ಇಬ್ಬರಿಗೂ ತೊಂದರೆ. ಅವರಿಗೂ ಅವರ ಇಲಾಖೆಯ ಕಟ್ಟುನಿಟ್ಟು ಇದೆ. ಅವರು ಖಾಸಗಿಯಾಗಿ ವಿದೇಶಕ್ಕೆ ಹೋಗಬೇಕಾದರೂ ಮೊದಲೇ ಅನುಮತಿ ಪಡೆಯಬೇಕು. ಹಾಗೇ ನೀವು ಕ್ಲಿಯರೆನ್ಸ್‌ಗೆ ಅರ್ಜಿ ಹಾಕುತ್ತಿರುವ ಸುದ್ದಿ ಊರಿನವರಿಗೆ ಬೇಡ. ‘ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ’ ಎಂದರೆ ಸಾಕು, ಅದು ನಿಜವೂ ಹೌದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಸಂದರ್ಶನದಲ್ಲಿ ಬಹಳ ಜನ ಜೋರಾಗಿ ಹೇಳುವ ಮಾತು: ‘ಯಾರಾದರೂ ಒತ್ತಡ ಹಾಕಿದರೆ ತಕ್ಷಣ ಎಫ್‌ಬಿಐಗೆ ತಿಳಿಸುತ್ತೇನೆ.’ ಹೇಳಿ, ತಪ್ಪಿಲ್ಲ. ಆದರೆ ಈ ಮಾತಿಗೆ ತೂಕ ಕಡಿಮೆ. ಕ್ಲಿಯರೆನ್ಸ್ ತಕರಾರುಗಳನ್ನು ಕೇಳುವ ರಕ್ಷಣಾ ಇಲಾಖೆಯ ಡೋಹಾ ಎಂಬ ಕಚೇರಿಯ ಮೇಲ್ಮನವಿ ಮಂಡಳಿ ಇದನ್ನು ಸ್ಪಷ್ಟವಾಗಿ ಹೇಳುತ್ತಾ ಬಂದಿದೆ: ಮುಂದೆ ಹೀಗೆ ಮಾಡುತ್ತೇನೆ ಎಂಬ ಮಾತಿಗಿಂತ, ಹಿಂದೆ ಅಂಥದ್ದೇ ಸಂದರ್ಭದಲ್ಲಿ ಹೇಗೆ ನಡೆದುಕೊಂಡಿರಿ ಎನ್ನುವುದು ಮುಖ್ಯ. ಆದ್ದರಿಂದ ಮಾತಿನ ಬದಲು ದಾಖಲೆ ಕೂಡಿಸಿ. 16 ವರ್ಷದ ಕೆಲಸದ ಚರಿತ್ರೆ, ಹಿಂದಿನ ಕಂಪನಿಯಲ್ಲಿ ಗೋಪ್ಯ ಮಾಹಿತಿಯನ್ನು ಸರಿಯಾಗಿ ನೋಡಿಕೊಂಡಿದ್ದರ ಬಗ್ಗೆ ಮೇಲಧಿಕಾರಿಯ ಪತ್ರ, ಮನೆ ಸಾಲದ ಕಾಗದ, ನಿವೃತ್ತಿ ಉಳಿತಾಯ, ಮಕ್ಕಳಿದ್ದರೆ ಅವರ ಶಾಲೆ, ನೀವು ಸಮಯ ಕೊಡುವ ಸ್ಥಳೀಯ ಸಂಘ ಸಂಸ್ಥೆ. ಇಲ್ಲಿನ ಸಂಬಂಧಗಳು ಆಳವಾಗಿಯೂ ಹಳೆಯದಾಗಿಯೂ ಇದ್ದರೆ, ಹಿತಾಸಕ್ತಿಯ ಘರ್ಷಣೆ ಬಂದಾಗ ಅಮೆರಿಕದ ಪರ ನಿಲ್ಲುತ್ತಾರೆ ಎಂದು ನಂಬಬಹುದು, ಎಂದು ಮಾರ್ಗಸೂಚಿಯೇ ಹೇಳುತ್ತದೆ. ನಿಮ್ಮ ಪರವಾದ ಅತಿ ಗಟ್ಟಿ ಅಂಶ ಇದು.

ಇಷ್ಟಾದರೂ ಅಣ್ಣನ ಕಾರಣದಿಂದ ‘ಬೇಡ’ ಎಂಬ ತೀರ್ಮಾನ ಬರಬಹುದು. ಭಾರತದಲ್ಲಿ ನೆಂಟರಿದ್ದವರ ಪ್ರಕರಣಗಳಲ್ಲಿ ಡೋಹಾದಿಂದ ಎರಡೂ ಬಗೆಯ ತೀರ್ಪು ಬಂದಿವೆ. ಹೆಸರು ತೆಗೆದುಹಾಕಿ ಅವನ್ನು ಇಂಟರ್ನೆಟ್‌ನಲ್ಲಿ ಪ್ರಕಟಿಸುತ್ತಾರೆ, ಕೂತು ಓದಿದರೆ ನೀವೇ ನೋಡಬಹುದು. 1988ರ ನೇವಿ ವಿರುದ್ಧ ಈಗನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ, ತಪ್ಪುವುದೇ ಆದರೆ ನಿರಾಕರಣೆಯ ಕಡೆಗೆ ತಪ್ಪಬೇಕು ಎಂದಿದೆ. ಅನುಮಾನದ ಲಾಭ ಅರ್ಜಿದಾರರಿಗೆ ಸಿಗುವುದಿಲ್ಲ. ಇದನ್ನು ತಿಳಿದೇ ಮುಂದೆ ಹೋಗಬೇಕು.

ಇನ್ನು ಅಮ್ಮ. ದಯವಿಟ್ಟು ಫಾರ್ಮ್‌ಗೋಸ್ಕರ ಅವರಿಗೆ ಫೋನ್ ಮಾಡುವುದನ್ನು ಕಡಿಮೆ ಮಾಡಬೇಡಿ. ಎಷ್ಟು ಸಲ ಮಾತಾಡುತ್ತೀರಿ ಎಂದು ಫಾರ್ಮ್ ಕೇಳುತ್ತದೆ: ದಿನಾ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಹೀಗೆ. ‘ದಿನಾ’ ಎಂದು ಗುರುತು ಹಾಕಿ. ಹತ್ತಿರದ ಕುಟುಂಬದ ಮೇಲೆ, ಗಂಡನ ಅಪ್ಪ ಅಮ್ಮನ ಮೇಲೂ, ಪ್ರೀತಿ ಮತ್ತು ಹೊಣೆ ಇದ್ದೇ ಇರುತ್ತದೆ ಎಂದು ತೀರ್ಮಾನಿಸುವವರು ಮೊದಲೇ ಇಟ್ಟುಕೊಂಡಿರುತ್ತಾರೆ. ‘ಅಮ್ಮನ ಹತ್ತಿರ ಅಪರೂಪಕ್ಕೆ ಮಾತಾಡುತ್ತೇನೆ’ ಎಂದರೆ ಅವರು ನಂಬುವುದಿಲ್ಲ, ನಂಬಿದರೂ ಅದರಿಂದ ನಿಮಗೆ ಲಾಭ ಇಲ್ಲ. ಮನೆಯಲ್ಲಿ ಒಬ್ಬರೇ ಇರುವ, ವಯಸ್ಸಾದ ತಾಯಿಯಿಂದ ಮಗಳ ದನಿಯನ್ನು ಕಿತ್ತುಕೊಳ್ಳುವ ಸಲಹೆ ಕೊಡುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅಮ್ಮನ ವಿಷಯದಲ್ಲಿ ನೋಡುವುದು ಬೇರೆ. ಅವರು ನಿಮ್ಮ ಹಣದ ಮೇಲೆ ಅವಲಂಬಿತರೇ? ಸರ್ಕಾರದ ಮೇಲೆ ಅವಲಂಬಿತರೇ? ಕುಟುಂಬ ಪಿಂಚಣಿಯನ್ನು ಬರೆಯಿರಿ. ಅದು ಗಂಡ ಮೇಷ್ಟ್ರಾಗಿ ಮಾಡಿದ ಸೇವೆಗೆ ನಿಯಮದಂತೆ ಬರುವ ಹಣ, ಯಾರದೋ ಕೃಪೆ ಅಲ್ಲ ಎಂದು ವಿವರಿಸುವುದು ಕಷ್ಟವಲ್ಲ. ನೀವು ದುಡ್ಡು ಕಳಿಸುತ್ತಿದ್ದರೆ ಅದನ್ನೂ ಬರೆಯಬೇಕು, ವಿದೇಶಿ ಪ್ರಜೆಗಳಿಗೆ ಆರ್ಥಿಕ ನೆರವು ಕೊಟ್ಟಿದ್ದೀರಾ ಎಂಬ ಪ್ರಶ್ನೆ ಫಾರ್ಮ್‌ನಲ್ಲಿದೆ. ಗಂಡನಿಗೆ ಇನ್ನೂ ಭಾರತದ ಪೌರತ್ವ ಇರುವುದರಿಂದ ಅವರ ವಿವರ ಸೆಕ್ಷನ್ 17ರಲ್ಲಿ, ಅತ್ತೆ ಮಾವನ ವಿವರ 18ರಲ್ಲಿ ಬರುತ್ತದೆ. ತೀರಿಕೊಂಡ ತಂದೆಯನ್ನೂ ಅಲ್ಲಿ ಬರೆಯಬೇಕು.

ಫಾರ್ಮ್ ತುಂಬುವಾಗ ನಮ್ಮ ಕಡೆಯವರಿಗೆ ಬರುವ ವಿಶೇಷ ಕಷ್ಟ ಒಂದಿದೆ. ಅಮ್ಮನ ಹುಟ್ಟಿದ ದಿನ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಅಪ್ಪನ ಹೆಸರು ಒಂದು ಕಡೆ ಇನಿಷಿಯಲ್ ಜೊತೆ, ಇನ್ನೊಂದು ಕಡೆ ಊರಿನ ಹೆಸರು ಸೇರಿಸಿ. ಇದಕ್ಕೆ ಹೆದರಬೇಡಿ. ದಿನಾಂಕದ ಪಕ್ಕದಲ್ಲಿ ‘ಅಂದಾಜು’ ಎಂದು ಗುರುತಿಸುವ ಚೌಕ ಇದೆ. ವಿವರಣೆಯ ಜಾಗದಲ್ಲಿ ಯಾವ ದಾಖಲೆಯಲ್ಲಿ ಏನಿದೆ ಎಂದು ಎರಡು ಸಾಲು ಬರೆದರೆ ಸಾಕು.

ದೊಡ್ಡಪ್ಪ, ಚಿಕ್ಕಮ್ಮ, ಸೋದರಮಾವ, ಅವರ ಮಕ್ಕಳು ಸೆಕ್ಷನ್ 18ರ ಪಟ್ಟಿಗೆ ಬರುವುದಿಲ್ಲ. ಅವರಿಗೆ ಸೆಕ್ಷನ್ 19. ಅಲ್ಲಿನ ಪ್ರಶ್ನೆ: ಕಳೆದ 7 ವರ್ಷದಲ್ಲಿ ಪ್ರೀತಿ, ಪ್ರಭಾವ, ಸಮಾನ ಆಸಕ್ತಿ ಅಥವಾ ಋಣದಿಂದ ನಿಮಗೆ ಅಥವಾ ನಿಮ್ಮ ಗಂಡನಿಗೆ ಹತ್ತಿರದ ಅಥವಾ ನಿರಂತರ ಸಂಪರ್ಕ ಇರುವ ವಿದೇಶಿ ಪ್ರಜೆಗಳು ಯಾರು? ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹಾಕುವ ಎಲ್ಲರನ್ನೂ ಬರೆಯಬೇಕಿಲ್ಲ. ಆದರೆ ಪಿಯುಸಿ ಓದುವಾಗ ಮನೆಯಲ್ಲಿಟ್ಟುಕೊಂಡು ಸಾಕಿದ ದೊಡ್ಡಮ್ಮ, ತಿಂಗಳಿಗೆರಡು ಸಲ ಗಂಟೆಗಟ್ಟಲೆ ಮಾತಾಡುವ ಕಾಲೇಜಿನ ಗೆಳತಿ, ಇವರನ್ನು ಬಿಡಬೇಡಿ. ಅನುಮಾನ ಇದ್ದರೆ ಬರೆಯಿರಿ. ಹೆಸರು ಒಂದು ಜಾಸ್ತಿಯಾದರೆ ನಷ್ಟ ಇಲ್ಲ.

ನಿಮ್ಮ ಪತ್ರ ಓದಿದಾಗ, ಅಣ್ಣನಿಗಿಂತ ಮೊದಲು ನನಗೆ ಚಿಂತೆ ಹತ್ತಿದ್ದು ಆ ಎನ್‌ಆರ್‌ಒ ಖಾತೆಯ ಬಗ್ಗೆ. ಯಾಕೆ ಅಂದರೆ ಅಣ್ಣನನ್ನು ನೀವು ಮರೆಯುವುದಿಲ್ಲ, ಖಾತೆಯನ್ನು ಮರೆಯುತ್ತೀರಿ. ಅಮೆರಿಕದ ಪೌರರು, ಗ್ರೀನ್ ಕಾರ್ಡ್ ಇರುವವರೂ, ತಮ್ಮ ಎಲ್ಲ ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ ಎಂಬ ವರದಿ ಕೊಡಬೇಕು. ಕಡೆಯ ದಿನ ಏಪ್ರಿಲ್ 15, ತಾನಾಗಿಯೇ ಅಕ್ಟೋಬರ್ 15ರವರೆಗೆ ಮುಂದಕ್ಕೆ ಹೋಗುತ್ತದೆ. ಜಂಟಿ ಖಾತೆಯಾದರೆ ದುಡ್ಡು ಅಮ್ಮನದೇ ಆಗಿದ್ದರೂ ನೀವು ಪೂರ್ತಿ ಮೊತ್ತ ತೋರಿಸಬೇಕು. ಅಡಿಕೆ ಮಾರಿದ ಹಣ ಒಟ್ಟಿಗೆ ಬಂದು ಆ ಖಾತೆಯಲ್ಲಿ ಒಂದು ವಾರ ಕೂತರೂ ಮಿತಿ ದಾಟಿರಬಹುದು. ಆಸ್ತಿ ಇನ್ನೂ ಜಾಸ್ತಿ ಇದ್ದರೆ ತೆರಿಗೆ ರಿಟರ್ನ್ ಜೊತೆಗೆ ಫಾರ್ಮ್ 8938 ಬೇರೆ ಇದೆ. ಇನ್ನೊಂದು ಗುಂಡಿ: ಭಾರತದಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ತೋಟದ ಹಣವನ್ನು ಎಲ್ಲೂ ತೋರಿಸಬೇಕಿಲ್ಲ ಎಂದು ನಮ್ಮವರು ತಿಳಿದಿರುತ್ತಾರೆ. ಅಮೆರಿಕದಲ್ಲಿ ಹಾಗಿಲ್ಲ. ಜಗತ್ತಿನ ಎಲ್ಲಿಂದ ಬಂದರೂ ನಿಮ್ಮ ಪಾಲಿನ ಆದಾಯವನ್ನು ಇಲ್ಲಿ ತೋರಿಸಬೇಕು. ಹಳೆಯ ವರ್ಷಗಳದ್ದು ಬಾಕಿ ಇದ್ದರೆ, ಬೇಕೆಂದೇ ಬಿಟ್ಟಿಲ್ಲದವರಿಗಾಗಿ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಲ್ಲಿ ಸರಿಪಡಿಸುವ ದಾರಿಗಳಿವೆ. ಭಾರತದ ಲೆಕ್ಕ ಗೊತ್ತಿರುವ ಸಿಪಿಎ (ಅಮೆರಿಕದ ಲೆಕ್ಕಪರಿಶೋಧಕ) ಹಿಡಿದು ಮೊದಲು ಇದನ್ನು ಮುಗಿಸಿ, ಆಮೇಲೆ ಎಸ್‌ಎಫ್-86ಕ್ಕೆ ಸಹಿ ಹಾಕಿ. ತಾನಾಗಿ ಸರಿಪಡಿಸಿಕೊಂಡವರಿಗೂ, ತನಿಖೆಯಲ್ಲಿ ಸಿಕ್ಕ ಮೇಲೆ ಸರಿಪಡಿಸಿದವರಿಗೂ ಬಹಳ ವ್ಯತ್ಯಾಸ ಇದೆ.

ತೋಟದ ವಿಷಯದಲ್ಲಿ ಬಹುಶಃ ನಿಮಗೇ ಗೊತ್ತಿಲ್ಲದ ಒಂದು ಸಂಗತಿ. ಖಾತೆ ಅಪ್ಪನ ಹೆಸರಲ್ಲಿದೆ, ಪಹಣಿಯಲ್ಲಿ ನನ್ನ ಹೆಸರಿಲ್ಲ, ಹಾಗಾಗಿ ನನಗೆ ಆಸ್ತಿಯೇ ಇಲ್ಲ ಎಂದು ನೀವು ಅಂದುಕೊಂಡಿರಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರೆ ಅವರ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳು ಎಲ್ಲರಿಗೂ ಪಾಲು. ಅಪ್ಪನ ತಾಯಿ ಆಗ ಬದುಕಿದ್ದರೆ ಅವರಿಗೂ. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯಿಂದ ಮಗಳಿಗೂ ಹುಟ್ಟಿನಿಂದಲೇ ಹಕ್ಕು. ಪೌತಿ ಖಾತೆ ಆಗಿಲ್ಲ ಎಂದ ಮಾತ್ರಕ್ಕೆ ಹಕ್ಕು ಇಲ್ಲವಾಗುವುದಿಲ್ಲ. ಆದ್ದರಿಂದ ಫಾರ್ಮ್‌ನ ಸೆಕ್ಷನ್ 20ರಲ್ಲಿ ವಿದೇಶಿ ಆಸ್ತಿ ಕೇಳುವಲ್ಲಿ ಇದನ್ನು ಇದ್ದ ಹಾಗೆ ಬರೆಯಿರಿ: ತಂದೆಯಿಂದ ಬರಬೇಕಾದ ಪಾಲು, ಇನ್ನೂ ವಿಭಾಗವಾಗಿಲ್ಲ, ಅಂದಾಜು ಬೆಲೆ ಇಷ್ಟು.

ಅಣ್ಣನಿಗೆ ಬಿಟ್ಟುಕೊಡಬೇಕೇ? ಕ್ಲಿಯರೆನ್ಸ್ ಒಂದಕ್ಕೇ ಆದರೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಮಾರ್ಗಸೂಚಿ ನೋಡುವುದು ಆ ಆಸ್ತಿಯ ಬೆಲೆ ನಿಮ್ಮನ್ನು ಬಗ್ಗಿಸುವಷ್ಟು ದೊಡ್ಡದೇ ಎಂದು. ಮೇರಿಲ್ಯಾಂಡ್‌ನ ಮನೆ, ಸಂಬಳ, ನಿವೃತ್ತಿ ಉಳಿತಾಯದ ಮುಂದೆ ತೋಟದ ಮೂರನೇ ಒಂದು ಪಾಲು ಚಿಕ್ಕದಾಗಿದ್ದರೆ ಅದೇ ನಿಮ್ಮ ಉತ್ತರ. ಅವಸರದಲ್ಲಿ ಹಕ್ಕು ಬಿಡುಗಡೆ ಪತ್ರ ಬರೆದರೆ ಮೂರು ತೊಡಕು. ಅರ್ಜಿಗೆ ಮುಂಚೆ ತೋರಿಕೆಗೆ ಮಾಡಿದ ಹಾಗೆ ಕಾಣುತ್ತದೆ. ಅಮೆರಿಕದಲ್ಲಿ ಅದು ಉಡುಗೊರೆ ಎನಿಸಿಕೊಂಡು ಫಾರ್ಮ್ 709 ಬೇಕಾಗಬಹುದು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ರಕ್ಷಣಾ ಸಂಸ್ಥೆಯಲ್ಲಿರುವ ಅಣ್ಣನಿಗೆ ನೀವು ದೊಡ್ಡ ಆಸ್ತಿ ಕೊಟ್ಟಿರಿ ಎಂಬ ಹೊಸ ವ್ಯವಹಾರವೊಂದು ದಾಖಲೆಗೆ ಬರುತ್ತದೆ. ಕಳೆದುಕೊಂಡ ಪಾಲು, ಕ್ಲಿಯರೆನ್ಸ್ ಸಿಗದಿದ್ದರೆ, ವಾಪಸ್ ಬರುವುದೂ ಇಲ್ಲ. ಒಸಿಐ ಇರುವವರು ಭಾರತದಲ್ಲಿ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ, ಆದರೆ ಪಿತ್ರಾರ್ಜಿತವಾಗಿ ಪಡೆಯಬಹುದು. ಒಮ್ಮೆ ಬಿಟ್ಟರೆ ಮತ್ತೆ ಕೊಳ್ಳಲಾರಿರಿ. ಬೇರೆ ಕಾರಣಕ್ಕೆ, ಮನೆಯವರೆಲ್ಲ ಕೂತು ಮಾತಾಡಿ ಪಾಲು ಮಾಡಿಕೊಳ್ಳುವುದಾದರೆ ಅದು ಬೇರೆ ಮಾತು. ಅಂದಹಾಗೆ ಅಪ್ಪನಿಂದ ಬಂದ ಪಾಲಿನ ಬೆಲೆ 1,00,000 ಡಾಲರ್ ದಾಟಿದರೆ ಐಆರ್‌ಎಸ್‌ಗೆ ಫಾರ್ಮ್ 3520 ಕೊಡಬೇಕಿತ್ತು, ಸಿಪಿಎ ಹತ್ತಿರ ಇದನ್ನೂ ಕೇಳಿ.

ಒಸಿಐ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಭಾರತದ ಕಾನೂನು ಇಬ್ಬಗೆಯ ಪೌರತ್ವ ಒಪ್ಪುವುದಿಲ್ಲ, ಒಸಿಐ ಪೌರತ್ವ ಅಲ್ಲ. ಅದರಿಂದ ವೋಟು ಹಾಕುವ ಹಕ್ಕೂ ಬರುವುದಿಲ್ಲ. ಅದು ಜೀವನಪೂರ್ತಿ ವೀಸಾ ಇದ್ದಹಾಗೆ. ಕಾರ್ಡ್ ಇದೆ, ತಾಯಿಯನ್ನು ನೋಡಲು ಹೋಗಿಬರಲು ತೆಗೆದುಕೊಂಡೆ ಎಂದು ಫಾರ್ಮ್‌ನ ವಿವರಣೆಯಲ್ಲಿ ಬರೆಯಿರಿ. ರದ್ದಾದ ಹಳೆಯ ಭಾರತೀಯ ಪಾಸ್‌ಪೋರ್ಟ್‌ನ ವಿವರವನ್ನೂ ಸೆಕ್ಷನ್ 10 ಕೇಳುತ್ತದೆ. ಒಪ್ಪಿಸಿದ್ದರ ಪ್ರಮಾಣಪತ್ರ ಹುಡುಕಿಟ್ಟುಕೊಳ್ಳಿ. ಯಾರೂ ಕೇಳದೆ ಕಾರ್ಡ್ ವಾಪಸ್ ಕೊಡುವ ಅಗತ್ಯ ಇಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಎಲ್ಲವನ್ನೂ ಬರೆದು ಅರ್ಜಿ ಹಾಕುವುದು ಮೊದಲನೆಯದು. ಇದರಲ್ಲಿ ಕಾಯುವ ಕಷ್ಟ ಇದೆ. ಪೂರ್ತಿ ತನಿಖೆಗೆ ಮೊದಲೇ ಕೊಡುವ ಇಂಟರಿಮ್ ಕ್ಲಿಯರೆನ್ಸ್ ವಿದೇಶಿ ನೆಂಟರಿರುವವರಿಗೆ ಹಲವು ಸಲ ಸಿಗುವುದಿಲ್ಲ. ಅದನ್ನು ನಿರಾಕರಣೆ ಎಂದು ತಿಳಿದು ಕುಗ್ಗಬೇಡಿ, ತನಿಖೆ ಮುಂದುವರಿಯುತ್ತದೆ. ಅಷ್ಟು ದಿನ ಕಂಪನಿ ಕಾಯುತ್ತದೆಯೇ, ಕ್ಲಿಯರೆನ್ಸ್ ಬೇಡದ ಕೆಲಸದಲ್ಲಿ ಕೂರಿಸುತ್ತದೆಯೇ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿ. ಉತ್ತರ ಬರುವವರೆಗೆ ಈಗಿನ ಕೆಲಸ ಬಿಡಬೇಡಿ. ತೀರ್ಮಾನಿಸುವವರಿಗೆ ಸಮಾಧಾನ ಆಗದಿದ್ದರೆ ಸ್ಟೇಟ್‌ಮೆಂಟ್ ಆಫ್ ರೀಸನ್ಸ್ ಎಂಬ ಪತ್ರ ಬರುತ್ತದೆ. ಗುತ್ತಿಗೆ ಕಂಪನಿಯವರಿಗೆ ಉತ್ತರಿಸಲು 20 ದಿನ. ನೀವು ಕೇಳಿಕೊಂಡರೆ ಡೋಹಾ ನ್ಯಾಯಾಧೀಶರ ಮುಂದೆ ವಿಚಾರಣೆ ನಡೆಯುತ್ತದೆ. ಬರೀ ಕಾಗದದ ಮೇಲೆ ತೀರ್ಮಾನ ಮಾಡಿ ಎಂದೂ ಕೇಳಬಹುದು, ಆದರೆ ವಿದೇಶಿ ನೆಂಟರ ಪ್ರಕರಣದಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಮನುಷ್ಯರನ್ನು ಎದುರು ಕೂರಿಸಿಕೊಂಡು ಕೇಳಿದಾಗ ಕಾಣುವುದು ಕಾಗದದಲ್ಲಿ ಕಾಣುವುದಿಲ್ಲ. ವಕೀಲರು ಬೇಕಾದರೆ ಈ ಪತ್ರ ಬಂದ ದಿನವೇ ಹಿಡಿಯಿರಿ. ಕೊನೆಗೆ ನಿರಾಕರಣೆ ಆದರೆ ಮತ್ತೆ ಅರ್ಜಿ ಹಾಕಲು ಸಾಮಾನ್ಯವಾಗಿ ಒಂದು ವರ್ಷ ಕಾಯಬೇಕು, ಮುಂದಿನ ಫಾರ್ಮ್‌ಗಳಲ್ಲಿ ‘ಹಿಂದೆ ನಿರಾಕರಿಸಿದ್ದರೇ’ ಎಂಬ ಪ್ರಶ್ನೆಗೆ ಹೌದು ಎನ್ನಬೇಕು.

ಆ ಕಲೆ ಬೇಡ ಎನ್ನುವುದಾದರೆ ಸರ್ಕಾರದ್ದೇ ಆದರೂ ಕ್ಲಿಯರೆನ್ಸ್ ಬೇಡದ ಕೆಲಸ ಹುಡುಕಬಹುದು. ಪಬ್ಲಿಕ್ ಟ್ರಸ್ಟ್ ಎನ್ನುವ ಹುದ್ದೆಗಳಿವೆ, ಅವುಗಳಿಗೂ ಹಿನ್ನೆಲೆ ತನಿಖೆ ಇದೆ, ಆದರೆ ಅದು ಕ್ಲಿಯರೆನ್ಸ್ ಅಲ್ಲ. ಅಲ್ಲಿ ಎರಡು ಮೂರು ವರ್ಷ ಒಳ್ಳೆಯ ದಾಖಲೆ ಮಾಡಿಕೊಂಡು ಆಮೇಲೆ ಪ್ರಯತ್ನಿಸಿದವರನ್ನು ನಾನು ಬಲ್ಲೆ. ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ? ತೆರಿಗೆ ಕಾಗದ ಸರಿ ಇದೆ ಎಂದು ಖಾತ್ರಿ ಮಾಡಿಕೊಂಡು, ಎಲ್ಲ ಬರೆದು, ಅರ್ಜಿ ಹಾಕುತ್ತಿದ್ದೆ. 16 ವರ್ಷದ ಬದುಕು ಸಣ್ಣ ಪುರಾವೆ ಅಲ್ಲ.

ಸಿಕ್ಕ ಮೇಲಿನ ಒಂದು ವಿಷಯ ಈಗಲೇ ಗೊತ್ತಿರಲಿ, ಕೆಲಸ ಒಪ್ಪುವ ಮೊದಲು ಗಂಡನ ಜೊತೆಗೂ ಮಾತಾಡಿ. ಕ್ಲಿಯರೆನ್ಸ್ ಇರುವವರು ಖಾಸಗಿಯಾಗಿ ಹೊರದೇಶಕ್ಕೆ ಹೋಗುವ ಮುಂಚೆ ಕಂಪನಿಯ ಭದ್ರತಾ ಅಧಿಕಾರಿಗೆ ತಿಳಿಸಬೇಕು. ದಿನಾಂಕ, ಊರು, ಯಾರ ಮನೆಯಲ್ಲಿ ಉಳಿಯುತ್ತೀರಿ ಎಲ್ಲ ಕೊಡಬೇಕು. ವಿದೇಶಿಯರ ಜೊತೆ ಹೊಸ ಗಾಢ ಪರಿಚಯ, ಯಾರಾದರೂ ಕೆಲಸದ ಬಗ್ಗೆ ಕೆದಕಿ ಕೇಳಿದ್ದು, ಇವನ್ನೂ ಹೇಳಬೇಕು. ಕಂಪನಿಯ ಲ್ಯಾಪ್‌ಟಾಪ್ ಜೊತೆಗೆ ಒಯ್ಯುವ ಹಾಗಿಲ್ಲ ಎಂದೇ ಇಟ್ಟುಕೊಳ್ಳಿ. ಅಮ್ಮನಿಗೆ ಹುಷಾರಿಲ್ಲ ಎಂದು ರಾತ್ರೋರಾತ್ರಿ ಹೊರಡಬೇಕಾಗಿ ಬಂದರೆ ಅನುಮತಿಯ ಕಾಗದಕ್ಕೆ ಕಾಯುತ್ತಾ ಕೂರಬೇಕಿಲ್ಲ. ತುರ್ತು ಪ್ರಯಾಣಕ್ಕೆ ನಿಯಮದಲ್ಲೇ ಅವಕಾಶ ಇದೆ: ಹೊರಡುವ ಮುಂಚೆ ಫೋನ್‌ನಲ್ಲಾದರೂ ಒಂದು ಮಾತು ತಿಳಿಸಿ, ವಾಪಸ್ ಬಂದ ಮೇಲೆ 5 ಕೆಲಸದ ದಿನಗಳ ಒಳಗೆ ಪೂರ್ತಿ ವರದಿ ಕೊಡಿ.